ಒಂದೇ ಟ್ರೇ ಸಸಿ, ಒಂದೇ ದಿನ ನಾಟಿ, ಮೇಲ್ಗಡೆ ಅರ್ಧ ಮಾತ್ರ ಸೊರಗಿದ್ದು ಯಾಕೆ: ಪಾಂಡವಪುರದ ಒಂದು ಟೊಮ್ಯಾಟೊ ಹೊಲದ ಪ್ರಕರಣ

ನಾನು ಪಾಂಡವಪುರ ತಾಲ್ಲೂಕಲ್ಲಿ ವಿ.ಸಿ. ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ ಹತ್ರ ಒಂದು ಸಣ್ಣ ಸಸಿ ನರ್ಸರಿ ಇಟ್ಕೊಂಡಿದೀನಿ. ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಕೋಸು ಸಸಿ ಪ್ರೋಟ್ರೇಲಿ, ಅಂದ್ರೆ ಗುಳಿ ಗುಳಿ ಇರೋ ಪ್ಲಾಸ್ಟಿಕ್ ಟ್ರೇಲಿ, ಬೆಳೆಸಿ ಕೊಡ್ತೀನಿ. ಹೋದ ವರ್ಷ ಮಾರ್ಚ್ ಕೊನೇಲಿ ಒಬ್ಬ ರೈತ್ರು ಫೋನ್ ಮಾಡಿ "ಏನವ್ವ ಇದು, ಗಿಡ ಎಲ್ಲ ಬಾಡ್ಕಂಡು ಹೋಯ್ತಾ ಅವೆ, ಸೊರಗು ರೋಗ ಬರದೇ ಇರೋ ತಳಿ ಅಂತ ಕೊಟ್ಟಲ್ಲ ನೀನು" ಅಂದ್ರು. ನಾಲ್ಕು ವರ್ಷದಿಂದ ನನ್ ಹತ್ರನೇ ಸಸಿ ತಗೊಳ್ಳೋರು, ನಾನು ಅವರನ್ನ ಅಣ್ಣ ಅಂತೀನಿ, ಅವರು ಒಂದು ದಿನನೂ ದನಿ ಏರಿಸಿ ಮಾತಾಡಿದೋರಲ್ಲ. ಫೋನ್ ಇಟ್ಟ ಮೇಲೆ ನಂಗೆ ಊಟ ಸೇರ್ಲಿಲ್ಲ. ಸಸಿ ಸಾಯ್ತು ಅಂತ ಒಂದು ಊರಲ್ಲಿ ಮಾತು ಹುಟ್ಟಿದ್ರೆ ಮುಂದಿನ ಸೀಸನ್ನಿಗೆ ಮೂರು ಊರಿಗೆ ಹೋಗಿರುತ್ತೆ. ಅದಕ್ಕಿಂತ ಹೆಚ್ಚಾಗಿ, ನಾನೇ ಏನಾದ್ರೂ ತಪ್ಪು ಮಾಡಿದೀನಾ, ರೋಗ ನನ್ ಟ್ರೇಯಿಂದಲೇ ಹೋಯ್ತಾ ಅನ್ನೋದು ಗೊತ್ತಾಗಲೇಬೇಕಿತ್ತು. ಆವತ್ತಿಂದ ಈ ವರ್ಷದ ಬೆಳೆ ಮುಗಿಯೋವರ್ಗೂ ಏನೇನಾಯ್ತು ಅಂತ ಪೂರ್ತಿ ಬರೀತಾ ಇದೀನಿ. ಯಾಕಂದ್ರೆ "ರೋಗ ನಿರೋಧಕ ತಳಿ" ಅನ್ನೋ ಮಾತನ್ನ ನಾವು ಮಾರೋರೂ ತಗೊಳ್ಳೋರೂ ಎಷ್ಟು ಸಡಿಲವಾಗಿ ಬಳಸ್ತೀವಿ ಅನ್ನೋದು ಈ ಒಂದು ಹೊಲದಲ್ಲಿ ನಂಗೆ ಚೆನ್ನಾಗಿ ಅರ್ಥ ಆಯ್ತು.

ಮೊದಲು ಹೊಲದ ವಿಚಾರ. ಒಟ್ಟು 30 ಗುಂಟೆ, ಸ್ವಲ್ಪ ಇಳಿಜಾರು, ಮೇಲ್ಗಡೆ ಬೋರ್‌ವೆಲ್, ಕೆಳಗಡೆ ನಾಲೆ ಕಡೆಗೆ. ಐದಡಿಗೆ ಒಂದು ಸಾಲು, ಸಾಲಲ್ಲಿ ಒಂದೂವರೆ ಅಡಿಗೆ ಒಂದು ಗಿಡ, 48 ಸಾಲು, ಸಾಲಿಗೆ 88 ಗಿಡ. ಕಪ್ಪು ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು, ಡ್ರಿಪ್, ಕೋಲು ನೆಟ್ಟು ದಾರ ಕಟ್ಟಿದ್ರು, ಕೆಲಸದಲ್ಲಿ ಒಂದು ಕೊರತೆ ಹೇಳೋ ಹಾಗಿರಲಿಲ್ಲ. ಫೆಬ್ರವರಿ ಮೊದಲ ವಾರ ನಾಟಿ. ತಳಿ ಒಂದು ಖಾಸಗಿ ಹೈಬ್ರಿಡ್, ಪ್ಯಾಕೆಟ್ ಮೇಲೆ, ಬಿಳಿ ನೊಣ ಹರಡೋ ಎಲೆ ಮುಟುರು ವೈರಸ್ ರೋಗಕ್ಕೂ, ಬ್ಯಾಕ್ಟೀರಿಯಾದಿಂದ ಬರೋ ದುಂಡಾಣು ಸೊರಗು ರೋಗಕ್ಕೂ ತಡೆಯೋ ಶಕ್ತಿ ಇದೆ ಅಂತ ಬರೆದಿತ್ತು. ಅವರು ಅದನ್ನ ನೋಡೇ ಆರಿಸ್ಕೊಂಡಿದ್ದು, ನಾನೂ ಧೈರ್ಯವಾಗೇ ಕೊಟ್ಟೆ.

ಫೋನ್ ಬಂದ ಮಾರನೇ ದಿನ ಬೆಳಗ್ಗೆ ಆರೂವರೆಗೆ ಹೊಲದಲ್ಲಿದ್ದೆ. ಬಿಸಿಲೇರಿದ ಮೇಲೆ ಚೆನ್ನಾಗಿರೋ ಗಿಡನೂ ಜೋತು ಬಿದ್ದಿರುತ್ತೆ, ಬೆಳಗ್ಗೆನೂ ಎದ್ದು ನಿಲ್ಲದೇ ಇರೋದು ಮಾತ್ರ ನಿಜವಾಗಿ ಸೊರಗಿದ ಗಿಡ. ಎಲೆ ಹಳದಿ ಆಗಿರಲಿಲ್ಲ, ಹಸಿರು ಹಸಿರಾಗೇ ಬಿಸಿನೀರು ಹುಯ್ದಂಗೆ ಬಾಡಿತ್ತು. ಫ್ಯುಸೇರಿಯಂ ಅನ್ನೋ ಶಿಲೀಂಧ್ರದ ಸೊರಗು ಆಗಿದ್ರೆ ಸಾಮಾನ್ಯವಾಗಿ ಕೆಳಗಿನ ಎಲೆಯಿಂದ ಹಳದಿ ಆಗ್ತಾ ನಿಧಾನಕ್ಕೆ ಹೋಗುತ್ತೆ. ಹಸಿರಾಗಿದ್ದ ಹಾಗೇ ಎರಡು ಮೂರು ದಿನದಲ್ಲಿ ಕುಸಿದ್ರೆ ಮೊದಲ ಅನುಮಾನ ದುಂಡಾಣು ಮೇಲೆ, ಅಂದ್ರೆ ರಾಲ್‌ಸ್ಟೋನಿಯಾ ಸೊಲನಸಿಯಾರಮ್ ಅನ್ನೋ ಬ್ಯಾಕ್ಟೀರಿಯಾ ಮೇಲೆ. ಅದು ಮಣ್ಣಲ್ಲಿದ್ದು ಬೇರಿನ ಗಾಯದಿಂದ ಒಳಗೆ ಹೋಗಿ ನೀರು ಏರೋ ನಾಳದೊಳಗೇ ತುಂಬ್ಕೊಳುತ್ತೆ, ಹಂಗಾಗಿ ಬುಡದಲ್ಲಿ ಎಷ್ಟೇ ನೀರಿದ್ರೂ ತುದಿಗೆ ಏರಲ್ಲ. ಎಲೆ ಬಾಡಿದೆ ಅಂತ ಡ್ರಿಪ್ ಇನ್ನೊಂದು ಗಂಟೆ ಜಾಸ್ತಿ ಬಿಟ್ರೆ ರೋಗಕ್ಕೇ ಅನುಕೂಲ. ಅಣ್ಣ ಅಷ್ಟೊತ್ತಿಗೆ ಆರು ದಿನದಿಂದ ಹಂಗೇ ಜಾಸ್ತಿ ಬಿಡ್ತಾ ಇದ್ರು, ಯಾರಾದ್ರೂ ಅದನ್ನೇ ಮಾಡ್ತಾರೆ.

ಗ್ಲಾಸಿನ ಪರೀಕ್ಷೆ ಗೊತ್ತಿಲ್ಲದೋರಿಗೆ ಹೇಳ್ತೀನಿ, ಒಂದು ರೂಪಾಯಿ ಖರ್ಚಿಲ್ಲ. ಬಾಡಿದ ಗಿಡದ ಬುಡದ ಹತ್ರ ನಾಲ್ಕು ಬೆರಳುದ್ದ ಕಾಂಡ ಚೂಪಾದ ಬ್ಲೇಡಲ್ಲಿ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ಹಾಕಿ, ತುಂಡಿನ ತುದಿ ನೀರಿಗೆ ಮುಟ್ಟೋ ಹಾಗೆ ತೂಗುಹಾಕಿ ಅಲ್ಲಾಡಿಸದೆ ಇಡಬೇಕು. ದುಂಡಾಣು ಆಗಿದ್ರೆ ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನ ಎಳೆ ತರ ಬಿಳೀದು ಕೆಳಕ್ಕೆ ಇಳಿಯುತ್ತೆ. ಬೇರೆ ಬೇರೆ ಜಾಗದಿಂದ ಹತ್ತು ಗಿಡ ಕಿತ್ತು ಹತ್ತನ್ನೂ ನೋಡಿದ್ವಿ, ಅವರ ಮನೆಯೋರು ಅಡುಗೆ ಮನೆಯಿಂದ ಲೋಟ ತಂದು ತಂದು ಕೊಟ್ರು. ಒಂಬತ್ತರಲ್ಲಿ ಎಳೆ ಇಳೀತು. ಹತ್ತನೇದರ ಬುಡದಲ್ಲಿ ಬಿಳೀ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಇದ್ವು, ಅದು ಸ್ಕ್ಲೆರೋಷಿಯಂ, ಬುಡಕೊಳೆ, ಬೇರೇನೇ ರೋಗ. ಒಂದೇ ಸಾಲಲ್ಲಿ ಒಂದೇ ತರ ಬಾಡಿದ ಗಿಡಗಳಲ್ಲೂ ಕಾರಣ ಎರಡಿರಬಹುದು.

ಅಂದ್ರೆ ದುಂಡಾಣು ಸೊರಗು ತಡೆಯುತ್ತೆ ಅಂತ ಬರೆದಿದ್ದ ತಳಿಗೆ ದುಂಡಾಣು ಸೊರಗೇ ಬಂದಿತ್ತು. ಪಕ್ಕದ ಹೊಲದೋರು ನಿಂತು ನೋಡ್ತಾ ಇದ್ರು, "ಬೀಜನೇ ಡೂಪ್ಲಿಕೇಟು ಬುಡಣ್ಣ" ಅಂದ್ಬಿಟ್ರು. ನಾನು ಸುಮ್ನಿದ್ದೆ, ಉತ್ತರ ಇರಲಿಲ್ಲ.

ಆಮೇಲೆ ಬಿಸಿಲೇರೋದ್ರೊಳಗೆ ಒಂದು ಕೆಲಸ ಮಾಡಿದೆ, ಇದೇ ಇಡೀ ಪ್ರಕರಣಕ್ಕೆ ದಾರಿ ತೋರಿಸಿದ್ದು. ನೋಟ್‌ಬುಕ್ಕಲ್ಲಿ 48 ಗೆರೆ ಎಳ್ಕೊಂಡು ಒಂದೊಂದು ಸಾಲೂ ನಡೆದು ಸತ್ತಿರೋದು, ಬಾಡಿರೋದು ಎಲ್ಲಿ ಎಲ್ಲಿ ಇದೆ ಅಂತ ಗುರುತು ಹಾಕ್ತಾ ಹೋದೆ, ಮಧ್ಯಾಹ್ನ ಆಯ್ತು ಮುಗಿಯೋಷ್ಟರಲ್ಲಿ. ಮೇಲಿನ 17 ಸಾಲಲ್ಲಿ ಸುಮಾರು 1500 ಗಿಡಕ್ಕೆ 410 ಹೋಗಿತ್ತು. ಕೆಳಗಿನ 24 ಸಾಲಲ್ಲಿ, ಅಂದ್ರೆ 2100 ಚಿಲ್ಲರೆ ಗಿಡದಲ್ಲಿ, 19 ಮಾತ್ರ, ಅದರಲ್ಲೂ ಹೆಚ್ಚಿನವು 25, 26, 27ನೇ ಸಾಲಲ್ಲೇ. ಮಧ್ಯದ 18ರಿಂದ 24ನೇ ಸಾಲಿನವರೆಗೆ ವಿಚಿತ್ರವಾಗಿತ್ತು: 18ನೇ ಸಾಲಲ್ಲಿ ಉತ್ತರದ ತುದಿ ಹತ್ರ ಮಾತ್ರ ಗಿಡ ಚೆನ್ನಾಗಿತ್ತು, 24ನೇ ಸಾಲಲ್ಲಿ ದಕ್ಷಿಣದ ತುದಿ ಹತ್ರ ಮಾತ್ರ ಸತ್ತಿತ್ತು. ಕಾಗದದ ಮೇಲೆ ನೋಡಿದ್ರೆ ಸಾಲುಗಳನ್ನ ಓರೆಯಾಗಿ ಕಡಿದ ಹಾಗೆ ಒಂದು ಗೆರೆ. ಡ್ರಿಪ್ಪಿನ ವಾಲ್ವ್ ಅಲ್ಲಿ ಬೇರೆ ಆಗ್ತಿರಲಿಲ್ಲ, ಸಸಿನೂ ಟ್ರೇ ಟ್ರೇ ಕಲಸಿಯೇ ನೆಟ್ಟಿದ್ರು. ಸಸಿಯಿಂದ ಅಥವಾ ಬೀಜದಿಂದ ಬಂದ ರೋಗ ಆಗಿದ್ರೆ ಹೊಲದ ತುಂಬ ಚೆದುರಿರಬೇಕಿತ್ತು, ಗೆರೆ ಎಳೆದ ಹಾಗೆ ನಿಲ್ಲಲ್ಲ.

ನೋಟ್‌ಬುಕ್ ತೋರಿಸಿ "ಅಣ್ಣಾ, ಇಲ್ಲಿ ಏನಿತ್ತು ಮುಂಚೆ" ಅಂದೆ. ಅವರು ಸ್ವಲ್ಪ ಹೊತ್ತು ನೋಡಿ "ಇಲ್ಲೊಂದು ಬದ ಇತ್ತು ಕಣವ್ವ, ಭತ್ತ ಕುಯ್ದ ಮ್ಯಾಕೆ ಜನವರೀಲಿ ಜೆಸಿಬಿ ತರ್ಸಿ ತಳ್ಳುಸ್ಬುಟ್ಟೊ, ಡ್ರಿಪ್ ಎಳಿಯಕ್ಕೆ ಸಲೀಸಾಯ್ತದೆ ಅಂತ" ಅಂದ್ರು.

ಅಂದ್ರೆ ಆ ಓರೆ ಗೆರೆ ಇದ್ದ ಕಡೆನೇ ಹಳೇ ಬದು, ಅದರ ಕೆಳಗಡೆದು ಗದ್ದೆ. ಪ್ರತಿ ಮುಂಗಾರಿಗೆ ನಾಲೆ ನೀರು ಕಟ್ಟಿ ಭತ್ತ ಹಾಕೋರು, ಡಿಸೆಂಬರಿನವರೆಗೂ ಭತ್ತನೇ ಇತ್ತು. ಮೇಲ್ಗಡೆಗೆ ನಾಲೆ ನೀರು ಹತ್ತಲ್ಲ, ಬೋರ್‌ವೆಲ್ಲಲ್ಲಿ ತರಕಾರಿ ಮಾತ್ರ. ಏನೇನು ತರಕಾರಿ ಅಂದ್ರೆ ಟೊಮ್ಯಾಟೊ, ಆಮೇಲೆ ಬೆಂಡೆ, ಆಮೇಲೆ ಬದನೆ, ಮತ್ತೆ ಬೆಂಡೆ. ನಾಲ್ಕು ವರ್ಷದಿಂದ ಹಿಂಗೇ, ಅದರಲ್ಲಿ ಎರಡು ಸಲದ ಸಸಿ ಕೊಟ್ಟಿದ್ದು ನಾನೇ, ಯಾವ ಹೊಲಕ್ಕೆ ಅಂತ ಒಂದು ಸಲನೂ ಕೇಳಿರಲಿಲ್ಲ. 25ರಿಂದ 27ನೇ ಸಾಲಲ್ಲಿ ಯಾಕೆ ಅಷ್ಟಿಷ್ಟು ಸತ್ತಿದ್ವು ಅನ್ನೋದೂ ಅಲ್ಲೇ ಗೊತ್ತಾಯ್ತು, ಜೆಸಿಬಿ ಮೇಲಿನ ಮಣ್ಣನ್ನ ಅಷ್ಟು ದೂರ ಕೆಳಕ್ಕೆ ತಳ್ಳಿತ್ತು.

ಇನ್ನೂ ಒಂದು ಪ್ರಶ್ನೆ ಉಳೀತು. ಮೇಲಿನ ಮಣ್ಣಲ್ಲಿ ದುಂಡಾಣು ಇತ್ತು ಸರಿ, ಆದ್ರೆ ತಡೆಯೋ ತಳಿ ಯಾಕೆ ತಡೀಲಿಲ್ಲ. ಅದಕ್ಕೆ ಬೇರು ನೋಡಬೇಕಿತ್ತು. ನಾನು ಮೊದಲ ಹತ್ತು ಗಿಡನ ಕೈಯಲ್ಲಿ ಎಳೆದು ಕಿತ್ತಿದ್ದೆ, ಸಣ್ಣ ಬೇರೆಲ್ಲ ಮಣ್ಣಲ್ಲೇ ಉಳಿದಿತ್ತು. ಈ ಸಲ ಗುದ್ದಲಿಯಲ್ಲಿ ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ನಿಧಾನಕ್ಕೆ ತೊಳೆದ್ವಿ. ಬೇರು ಪೂರ್ತಿ ಗಂಟು ಗಂಟು, ಶುಂಠಿ ಕೊನೆ ತರ ಊದ್ಕೊಂಡಿತ್ತು. ಅಣ್ಣ "ಅಲಸಂದೆ ಬೇರಲ್ಲೂ ಇಂಥ ಗಂಟಿರ್ತದಲ್ಲ, ಅದು ಒಳ್ಳೇದು ಅಂತಾರೆ" ಅಂದ್ರು. ಈ ಅನುಮಾನ ತುಂಬ ಜನಕ್ಕೆ ಬರುತ್ತೆ. ಅಲಸಂದೆ, ಅವರೆ, ಹುರುಳಿ ಬೇರಿನ ಗಂಟು ಬೇರಿನ ಪಕ್ಕಕ್ಕೆ ಮಣಿ ಅಂಟಿಸಿದ ಹಾಗಿರುತ್ತೆ, ಉಗುರಲ್ಲಿ ತಳ್ಳಿದ್ರೆ ಉದುರುತ್ತೆ, ಒಳಗೆ ನಸುಗೆಂಪು, ಅದು ಸಾರಜನಕ ಕೊಡೋ ಗಂಟು. ಟೊಮ್ಯಾಟೊದಲ್ಲಿ ಅಂಥದ್ದು ಇರೋದೇ ಇಲ್ಲ. ಇಲ್ಲಿ ಬೇರೇ ಊದಿರುತ್ತೆ, ಉದುರಿಸಕ್ಕಾಗಲ್ಲ, ಅದು ಬೇರುಗಂಟು ಜಂತುಹುಳದ ಕೆಲಸ, ಮೆಲಾಯ್ಡೊಗೈನ್ ಅನ್ನೋ ಜಾತಿ, ಕಣ್ಣಿಗೆ ಕಾಣದಷ್ಟು ಸಣ್ಣದು. ಬೆಂಡೆ, ಬದನೆ, ಟೊಮ್ಯಾಟೊ ಮೂರೂ ಅದಕ್ಕೆ ಇಷ್ಟ. ನಾಲ್ಕು ವರ್ಷ ಅದಕ್ಕೆ ಒಂದು ಹೊತ್ತೂ ಉಪವಾಸ ಇರಲಿಲ್ಲ ಆ ಮೇಲಿನ ಹೊಲದಲ್ಲಿ.

ಈ ಹುಳಕ್ಕೂ ದುಂಡಾಣಿಗೂ ಇರೋ ಸಂಬಂಧ ನಾನು ಅಲ್ಲೀವರೆಗೂ ಸರಿಯಾಗಿ ತಿಳ್ಕೊಂಡಿರಲಿಲ್ಲ. ಬೇರು, ಮಣ್ಣು ಎರಡನ್ನೂ ಕವರಲ್ಲಿ ಹಾಕ್ಕೊಂಡು ಮಂಡ್ಯದ ವಿ.ಸಿ. ಫಾರಂಗೆ ಹೋಗಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಕೇಳ್ದಾಗ ಬಿಡಿಸಿ ಹೇಳಿದ್ರು. ಹುಳ ಬೇರಿಗೆ ಹೊಕ್ಕ ಕಡೆಯೆಲ್ಲ ಗಾಯ, ಆ ಗಾಯ ದುಂಡಾಣಿಗೆ ಬಾಗಿಲು. ಬರೀ ಬಾಗಿಲು ತೆರೆಯೋದಲ್ಲ, ಗಂಟಿನೊಳಗಿನ ಜೀವಕೋಶ ಹುಳಕ್ಕೆ ಊಟ ಕೊಡೋ ಹಾಗೆ ಬದಲಾಗಿರುತ್ತೆ, ಅಂಥ ಬೇರಲ್ಲಿ ತಳಿಯ ತಡೆಯೋ ಶಕ್ತಿ ಮೊದಲಿನಷ್ಟು ನಡೆಯಲ್ಲ. ಟೊಮ್ಯಾಟೊದಲ್ಲಿ ದುಂಡಾಣು ಸೊರಗು ತಡೆಯೋ ಗುಣ ಒಂದು ಜೀನಿನದ್ದಲ್ಲ, ಹಲವಾರು ಸೇರಿ ಸ್ವಲ್ಪ ಸ್ವಲ್ಪ ಕೊಡೋ ಶಕ್ತಿ. ಪ್ರಪಂಚದಲ್ಲಿ ಹೆಚ್ಚಾಗಿ ಬಳಸೋ ಮೂಲ ಹವಾಯ್ 7996 ಅನ್ನೋ ತಳಿ, ಅದರಲ್ಲೂ ಹಂಗೇ. ಗಿಡದೊಳಗೆ ಬ್ಯಾಕ್ಟೀರಿಯಾ ಬಂದೇ ಬರುತ್ತೆ, ಆದ್ರೆ ಕಾಂಡದಲ್ಲಿ ಮೇಲೇರಿ ತುಂಬ್ಕೊಳ್ಳೋದನ್ನ ಗಿಡ ಅದುಮಿ ಇಟ್ಕೊಳುತ್ತೆ, ಅದೇ ನಿರೋಧಕ ಅಂದ್ರೆ. ಬಿಸಿ ಜಾಸ್ತಿ ಆದ್ರೆ, ತೇವ ಜಾಸ್ತಿ ಆದ್ರೆ, ಬೇರಿಗೆ ಗಾಯ ಆದ್ರೆ ಆ ಅದುಮೋ ಶಕ್ತಿ ಸೋಲುತ್ತೆ. ಆ ಹೊಲದಲ್ಲಿ ಮೂರೂ ಒಟ್ಟಿಗೆ ಇತ್ತು. ಮಾರ್ಚ್ ಕೊನೇಲಿ ಮಧ್ಯಾಹ್ನ ಎರಡು ಗಂಟೆಗೆ ಶೀಟಿನ ಕೆಳಗೆ ಒಂದು ಗೇಣು ಆಳಕ್ಕೆ ಥರ್ಮಾಮೀಟರ್ ಚುಚ್ಚಿದ್ರೆ 33 ಡಿಗ್ರಿ ತೋರಿಸ್ತು.

ಅಣ್ಣ ಆಗ ಸರಿಯಾದ ಪ್ರಶ್ನೆ ಕೇಳಿದ್ರು: "ಹಂಗಾದ್ರೆ ಹುಳ ತಡಿಯೋ ತಳಿ ಇಲ್ವ". ಇದೆ. ಕೆಲವು ಹೈಬ್ರಿಡ್ ಪ್ಯಾಕೆಟ್ ಮೇಲೆ ಎನ್ ಅಂತ ಗುರುತಿರುತ್ತೆ, ಅಂದ್ರೆ ನೆಮಟೋಡು, ಈ ಜಂತುಹುಳಕ್ಕೇ ಇಂಗ್ಲಿಷಲ್ಲಿ ಹಂಗಂತಾರೆ. ಅದರ ಹಿಂದೆ ಇರೋದು ಎಂಐ-1 ಅನ್ನೋ ಜೀನ್. 1940ರ ದಶಕದಲ್ಲಿ ಸೊಲ್ಯಾನಮ್ ಪೆರುವಿಯಾನಮ್ ಅನ್ನೋ ಕಾಡು ಟೊಮ್ಯಾಟೊ ಜೊತೆ ಊರಿನ ಟೊಮ್ಯಾಟೊನ ಸಂಕರ ಮಾಡಿದ್ರು, ಬೀಜ ತಾನಾಗಿ ಬಲೀತಿರಲಿಲ್ಲ, ಹಂಗಾಗಿ ಎಳೇ ಭ್ರೂಣವನ್ನ ಕಾಯೊಳಗಿಂದ ತೆಗೆದು ಲ್ಯಾಬಲ್ಲಿ ಬೆಳೆಸಿ ಒಂದು ಗಿಡ ಉಳಿಸ್ಕೊಂಡ್ರು, ಈವತ್ತು ಎನ್ ಗುರುತಿನ ತಳಿಗಳಿಗೆ ಈ ಜೀನ್ ಬಂದಿದ್ದು ಆ ಸಂಕರದಿಂದಲೇ. ನಂಗೆ ಇದು ಓದ್ದಾಗೆಲ್ಲ ಮೈ ಜುಮ್ ಅನ್ನುತ್ತೆ, ಅಷ್ಟು ಸಣ್ಣ ಭ್ರೂಣ ಆವತ್ತು ಒಣಗಿ ಹೋಗಿದ್ರೆ ಈ ದಾರಿನೇ ಇರ್ತಿರಲಿಲ್ಲ. ಆದ್ರೆ ಆ ಜೀನಿಗೂ ಒಂದು ಮಿತಿ ಇದೆ, ಮಣ್ಣಿನ ಬಿಸಿ 28 ಡಿಗ್ರಿ ದಾಟಿದ್ರೆ ಅದು ಸರಿಯಾಗಿ ಕೆಲಸ ಮಾಡಲ್ಲ. ನಮ್ಮ ಬೇಸಿಗೆ ನಾಟಿಗೆ, ಅದೂ ಶೀಟಿನ ಕೆಳಗೆ, ಬರೀ ಎನ್ ಗುರುತನ್ನ ನಂಬಿ ಕೂತ್ಕೊಳ್ಳೋದು ತಪ್ಪಾಗುತ್ತೆ. ಮಳೆಗಾಲದ ಕೊನೆ, ಚಳಿಗಾಲದ ನಾಟಿಗೆ ಅದು ಒಳ್ಳೇ ಆಸರೆ. ಅಣ್ಣನ ಹೈಬ್ರಿಡ್ ಪ್ಯಾಕೆಟ್ಟಲ್ಲಿ ಎನ್ ಇರಲೇ ಇಲ್ಲ, ಅದು ಕೊಡ್ತೀನಿ ಅಂದಿದ್ದು ಎರಡು ರೋಗದ ಮಾತು ಮಾತ್ರ.

ಆ ಎರಡರಲ್ಲಿ ಒಂದು ಮಾತನ್ನ ಅದು ಚೆನ್ನಾಗಿ ಉಳಿಸ್ಕೊಂಡಿತ್ತು, ಯಾರೂ ಗಮನಿಸಿರಲಿಲ್ಲ, ನಾನೂ ಸೇರಿ. ಇನ್ನೂರು ಮೀಟರ್ ದೂರದಲ್ಲಿ ಒಬ್ಬರು ಸಾರಿಗೆ ಹುಳಿ ಚೆನ್ನಾಗಿರುತ್ತೆ ಅಂತ ನಾಟಿ ಟೊಮ್ಯಾಟೊ ಹಾಕಿದ್ರು, ಅವರ ಹೊಲದಲ್ಲಿ ಎಲೆ ಮುಟುರು ಎಷ್ಟಿತ್ತು ಅಂದ್ರೆ ಮುಕ್ಕಾಲು ಗಿಡ ಕುಳ್ಳಾಗಿ ಎಲೆ ಬಟ್ಟಲ ತರ ಮೇಲಕ್ಕೆ ಮಡಚ್ಕೊಂಡು ಹೂವೇ ನಿಂತಿರಲಿಲ್ಲ. ಅಣ್ಣನ 48 ಸಾಲಲ್ಲಿ ಮುಟುರು ಬಂದಿದ್ದು ಹದಿಮೂರೋ ಹದಿನಾಲ್ಕೋ ಗಿಡಕ್ಕೆ. ಎರಡು ಹೊಲದ ಹಳದಿ ಅಂಟು ಕಾರ್ಡಲ್ಲೂ ಬಿಳಿ ನೊಣ ಹೆಚ್ಚು ಕಮ್ಮಿ ಒಂದೇ ಸಮ ಅಂಟಿತ್ತು. ಅಂದ್ರೆ ನೊಣ ಬಂದಿತ್ತು, ಕೂತು ರಸ ಹೀರಿತ್ತು, ವೈರಸ್ಸೂ ಬಿಟ್ಟಿರುತ್ತೆ, ಗಿಡ ಮಾತ್ರ ಒಳಗೆ ಅದು ಹೆಚ್ಚದಂಗೆ ನೋಡ್ಕೊಂಡಿತ್ತು. ಟಿವೈ ಅಂತ ಕರೆಯೋ ಜೀನ್‌ಗಳ ಕೆಲಸ ಇದು, ಅವೂ ಕಾಡು ಟೊಮ್ಯಾಟೊದಿಂದ ಬಂದಿರೋವೇ, ಟಿವೈ-1 ಮತ್ತು ಟಿವೈ-3 ಸೊಲ್ಯಾನಮ್ ಚಿಲೆನ್ಸ್‌ನಿಂದ, ಟಿವೈ-2 ಸೊಲ್ಯಾನಮ್ ಹ್ಯಾಬ್ರೊಕೈಟಿಸ್‌ನಿಂದ. ಸತ್ತ 410 ಗಿಡ ಎಲ್ಲರ ಕಣ್ಣಿಗೂ ಬಿತ್ತು, ಮುಟುರು ಬರದೇ ಉಳಿದ ನಾಲ್ಕು ಸಾವಿರ ಗಿಡ ಯಾರ ಲೆಕ್ಕಕ್ಕೂ ಬರಲಿಲ್ಲ. ಅದನ್ನ ತೋರಿಸಿದಾಗ ಅಣ್ಣನ ಮುಖದಲ್ಲಿ ಬೀಜದ ಮೇಲಿದ್ದ ಸಿಟ್ಟು ಮೊದಲ ಸಲ ಸ್ವಲ್ಪ ಇಳಿದಿದ್ದು ಕಂಡೆ.

ಕೀಟದ ವಿಚಾರನೂ ಇಲ್ಲೇ ಹೇಳ್ಬಿಡ್ತೀನಿ. ರೋಗ ತಡೆಯೋ ತಳಿ ಅಂದ್ರೆ ಎಲೆ, ಕಾಯಿ ತಿನ್ನೋ ಕೀಟನೂ ತಡೆಯುತ್ತೆ ಅಂತ ಕೇಳೋರು ವಾರಕ್ಕೊಬ್ಬರು ಸಿಕ್ತಾರೆ. ಏಪ್ರಿಲಲ್ಲಿ ಇದೇ ಹೊಲಕ್ಕೆ ಊಜಿ ಬಂತು, ಎಲೆಯೊಳಗೆ ಸುರಂಗ ಕೊರೆದು ಕಾಯಿ ತೊಟ್ಟಿನ ಹತ್ರ ಸೂಜಿ ಚುಚ್ಚಿದಂಗೆ ತೂತು ಮಾಡೋ ಟೂಟಾ ಅಬ್ಸೊಲ್ಯೂಟಾ, 2014ರಲ್ಲಿ ಮಹಾರಾಷ್ಟ್ರದಲ್ಲಿ ಮೊದಲು ಕಾಣಿಸ್ಕೊಂಡು ಆಮೇಲೆ ನಮ್ಮ ಕಡೆಗೂ ಬಂದಿದ್ದು. ಅದು ಮೇಲಿನ ಹೊಲ ಕೆಳಗಿನ ಹೊಲ ಅಂತ ನೋಡದೆ ಎರಡರಲ್ಲೂ ಸಮ ಸಮ ಬಂತು. ಕೆಲವು ಕಾಡು ಟೊಮ್ಯಾಟೊಗಳಲ್ಲಿ ಎಲೆ ಮೇಲೆ ಅಂಟಂಟಾದ ರೋಮ ಇರುತ್ತೆ, ಅದರಿಂದ ಬರೋ ರಸಕ್ಕೆ ಬಿಳಿ ನೊಣ ಕೂರಲ್ಲ, ಸಣ್ಣ ಹುಳ ಸಿಕ್ಕಾಕೊಂಡು ಸಾಯುತ್ತೆ. ಆ ಗುಣನ ತಿನ್ನೋ ಟೊಮ್ಯಾಟೊಗೆ ತರಕ್ಕೆ ಎಷ್ಟೋ ಕಡೆ ಕೆಲಸ ನಡೀತಿದೆ, ಆದ್ರೆ ಆ ಗುಣದ ಜೊತೆ ಸಣ್ಣ ಕಾಯಿ, ಬೇರೆ ಬೇಡದ ಗುಣಗಳೂ ಅಂಟ್ಕೊಂಡು ಬರುತ್ತೆ. ಕೀಟ ಕೊಲ್ಲೋ ಬ್ಯಾಕ್ಟೀರಿಯಾ ಜೀನ್ ಸೇರಿಸಿದ ಬಿಟಿ ಟೊಮ್ಯಾಟೊಗೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಊಜಿಗೆ, ಕಾಯಿಕೊರಕಕ್ಕೆ ಗಂಡು ಪತಂಗನ ವಾಸನೆಯಿಂದ ಸೆಳೆಯೋ ಮೋಹಕ ಬಲೆ, ಹುಳ ಬಿದ್ದ ಕಾಯಿ ಆಯ್ದು ಹೂಳೋದು, ಮಧ್ಯೆ ಮಧ್ಯೆ ಚೆಂಡುಹೂ ಸಾಲು, ಇವೇ ದಾರಿ. ನಾನು ಸಸಿ ಮಾರುವಾಗ ಕೀಟ ತಡೆಯುತ್ತೆ ಅನ್ನೋ ಮಾತನ್ನ ಬಾಯಿಗೇ ತರಲ್ಲ ಈಗ.

ಆ ಬೆಳೆ ಏನಾಯ್ತು ಅಂದ್ರೆ, ಮೇಲಿನ ಅರ್ಧನ ಉಳಿಸಕ್ಕಾಗಲಿಲ್ಲ. ಔಷಧಿ ಅಂಗಡಿಯಿಂದ ಅಷ್ಟೊತ್ತಿಗೇ ನಾಲ್ಕು ಬಾಟಲಿ ತಂದು ಬುಡಕ್ಕೆ ಹುಯ್ದಿದ್ರು, ನಾಳದೊಳಗೆ ತುಂಬಿರೋ ಬ್ಯಾಕ್ಟೀರಿಯಾಗೆ ಹೊರಗಿಂದ ಹುಯ್ದಿದ್ದು ತಲುಪಲ್ಲ, ಐದನೇದಕ್ಕೆ ದುಡ್ಡು ಹಾಕ್ಬೇಡಿ ಅಂತ ನಿಲ್ಲಿಸಿದೆ. ಸತ್ತ ಗಿಡನ ಬೇರು ಸಮೇತ ಅಗೆದು ಹೊಲದಿಂದ ಹೊರಗೆ ಸುಟ್ವಿ. ಮೇಲಿನ ಸಾಲಿಗೆ ಬೇರೆ ವಾಲ್ವ್ ಹಾಕಿಸಿ ನೀರು ಕಮ್ಮಿ ಮಾಡಿದ್ವಿ, ಮಳೆ ಬಂದ್ರೆ ಮೇಲಿನ ನೀರು ಕೆಳಕ್ಕೆ ಹರೀದಂಗೆ ಹಳೇ ಬದು ಇದ್ದ ಜಾಗದಲ್ಲೇ ಒಂದು ಮೊಳ ಎತ್ತರ ಮಣ್ಣು ಏರಿಸಿದ್ವಿ. ಕೆಲಸದ ಹೆಂಗಸರಿಗೆ ಕೆಳಗಿನ ಸಾಲು ಮೊದಲು ಮುಗಿಸಿ ಆಮೇಲೆ ಮೇಲಕ್ಕೆ ಹೋಗಿ ಅಂತ ಹೇಳಿದ್ವಿ, ಕುಡುಗೋಲು, ಗುದ್ದಲಿ, ಕಾಲಲ್ಲಿರೋ ಮಣ್ಣು ಎಲ್ಲದರಲ್ಲೂ ಇದು ಹೋಗುತ್ತೆ. ಕೆಳಗಿನ ಅರ್ಧ ಚೆನ್ನಾಗೇ ಬಂತು, ಮೈಸೂರಿನ ಬಂಡೀಪಾಳ್ಯ ಮಾರ್ಕೆಟ್ಟಿಗೆ ಅಲ್ಲಿಂದಲೇ ಮೇ ಕೊನೇವರ್ಗೂ ಕಾಯಿ ಹೋಯ್ತು. ಹಾಕಿದ ದುಡ್ಡು ಬಂತು, ಲಾಭ ಅಂತ ಹೇಳಕ್ಕಾಗಲ್ಲ.

ನಂಗೆ ಅಷ್ಟಕ್ಕೇ ಸಮಾಧಾನ ಆಗಿರಲಿಲ್ಲ. ಸಸಿ ನಂದು, ನನ್ನ ಮಾತನ್ನ ಅವರು ಯಾಕೆ ನಂಬಬೇಕು, ಅದೇ ಲಾಟಿನ ಬೀಜ ಅರ್ಧ ಪ್ಯಾಕೆಟ್ ನನ್ನ ಹತ್ರ ಉಳಿದಿತ್ತು, ಅದನ್ನ ಹಾಕಿ ಸಸಿ ಮಾಡಿ ಹದಿನೆಂಟು ಗ್ರೋ ಬ್ಯಾಗಲ್ಲಿ ನೆಟ್ಟೆ. ಆರಕ್ಕೆ ಮೇಲಿನ ಹೊಲದ ಮಣ್ಣು, ಆರಕ್ಕೆ ಕೆಳಗಿನ ಗದ್ದೆ ಮಣ್ಣು, ಇನ್ನಾರಕ್ಕೆ ಮೇಲಿನ ಮಣ್ಣನ್ನೇ ದೊಡ್ಡ ಪಾತ್ರೆಲಿ ಒಂದು ಗಂಟೆ ಹಬೆಯಲ್ಲಿ ಬೇಯಿಸಿ ಆರಿಸಿ ತುಂಬಿದ್ದು. ನೀರು, ಬಿಸಿಲು ಎಲ್ಲಕ್ಕೂ ಒಂದೇ. ಜೂನಲ್ಲಿ ಅಣ್ಣನ್ನ ನರ್ಸರಿಗೆ ಕರೆಸಿ ಅವರ ಎದುರೇ ಬ್ಯಾಗ್ ಹರಿದು ಬೇರು ತೊಳೆದೆ. ಮೇಲಿನ ಮಣ್ಣಿನ ಆರರಲ್ಲಿ ನಾಲ್ಕು ಅಷ್ಟರಲ್ಲೇ ಸೊರಗಿತ್ತು, ಆರರ ಬೇರಲ್ಲೂ ಗಂಟು. ಗದ್ದೆ ಮಣ್ಣಿನದ್ದು ಒಂದೂ ಸೊರಗಿರಲಿಲ್ಲ, ಎರಡರಲ್ಲಿ ಮಾತ್ರ ಅಲ್ಲಲ್ಲಿ ಒಂದೊಂದು ಸಣ್ಣ ಗಂಟು. ಬೇಯಿಸಿದ ಮಣ್ಣಿನ ಆರೂ ಬೆಳ್ಳಗೆ ಎಳೇ ಬೇರು ಬಿಟ್ಕೊಂಡು ಸೊಂಪಾಗಿ ನಿಂತಿತ್ತು. ಅದೇ ಬೀಜ, ಅದೇ ಮಣ್ಣು, ಬೇಯಿಸಿದ್ದಷ್ಟೇ ವ್ಯತ್ಯಾಸ. ಅಣ್ಣ ಆ ಎರಡು ಬೇರನ್ನ ಎರಡು ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ನೋಡಿದ್ರು. "ಆ ಬದ ನಮ್ಮಪ್ಪ ಹಾಕಿದ್ದು ಕಣವ್ವ" ಅಂದ್ರು ಅಷ್ಟೇ. ಹೋಗುವಾಗ ಸಸಿ ಬಾಕಿ ದುಡ್ಡು ಕೊಟ್ಟು ಹೋದ್ರು, ನಾನು ಕೇಳಿರಲಿಲ್ಲ.

ಗದ್ದೇಲಿ ಯಾಕೆ ಇಷ್ಟು ಕಮ್ಮಿ ಅಂದ್ರೆ, ತಿಂಗಳುಗಟ್ಟಲೆ ನೀರು ನಿಂತ ಮಣ್ಣಲ್ಲಿ ಗಾಳಿ ಇರಲ್ಲ, ತರಕಾರಿ ಬೇರಿನ ಗಂಟುಹುಳಕ್ಕೂ ಈ ದುಂಡಾಣಿಗೂ ಅಲ್ಲಿ ಬದುಕೋದು ಕಷ್ಟ, ಜೊತೆಗೆ ಅವಕ್ಕೆ ಬೇಕಾದ ಗಿಡನೂ ಅಷ್ಟು ದಿನ ಇರಲ್ಲ. ಭತ್ತಕ್ಕೂ ಅದರದ್ದೇ ಒಂದು ಬೇರುಗಂಟು ಹುಳ ಇದೆ, ನೀರು ನಿಲ್ಲಿಸದೆ ಬೆಳೆಯೋ ಏರೋಬಿಕ್ ಭತ್ತದಲ್ಲಿ ಅದು ಜಾಸ್ತಿ, ಹಂಗಾಗಿ ಭತ್ತ ಹಾಕಿದ್ರೆ ಸಾಕು ಅಂತಲ್ಲ, ನೀರು ನಿಲ್ಲಬೇಕು. ನಮ್ಮ ಮಂಡ್ಯ ಕಡೆ ನಾಲೆ ಅಂಚಿನೋರಿಗೆ ಇದೊಂದು ದೊಡ್ಡ ಅನುಕೂಲ, ಕೋಲಾರದ ಕಡೆಯೋರಿಗೆ ಇಲ್ಲದ್ದು. ಭತ್ತ ಕುಯ್ದ ಗದ್ದೇಲಿ ಬೇಸಿಗೆ ಟೊಮ್ಯಾಟೊ ಹಾಕೋದು ನಮ್ಮಲ್ಲಿ ಎಷ್ಟೋ ಜನ ಮಾಡ್ತಾರೆ, ಅದು ಯಾಕೆ ಚೆನ್ನಾಗಿ ಬರುತ್ತೆ ಅನ್ನೋದನ್ನ ಮಾತ್ರ ಬೀಜದ ಕಂಪನಿಗೋ ಗೊಬ್ಬರಕ್ಕೋ ಲೆಕ್ಕ ಹಾಕ್ತೀವಿ.

ಮುಂಗಾರಲ್ಲಿ ಬದು ಮತ್ತೆ ಹಾಕಿದ್ರು. ಕೆಳಗಡೆ ಭತ್ತ. ಮೇಲ್ಗಡೆಗೆ ದಸರಾ ದೀಪಾವಳಿಗೆ ಬರೋ ಹಾಗೆ ಚೆಂಡುಹೂ ಹಾಕ್ಸಿದೆ, ಅದರ ಬೇರಿಂದ ಬರೋ ರಾಸಾಯನಿಕ ಗಂಟುಹುಳಕ್ಕೆ ವಿಷ, ಹೂವಿಂದ ನಾಲ್ಕು ಕಾಸೂ ಬರುತ್ತೆ. ಹೂ ಮುಗಿದ ಮೇಲೆ ಉತ್ತು ಒಣಗಕ್ಕೆ ಬಿಟ್ಟು ಬೇವಿನ ಹಿಂಡಿ ಹಾಕಿದ್ವಿ.

ಇನ್ನು ಕಸಿ ಸಸಿ. ದುಂಡಾಣು ಸೊರಗು ಇರೋ ಮಣ್ಣಿಗೆ ಟೊಮ್ಯಾಟೊನ ಬದನೆ ಜಾತಿ ಬೇರಿನ ಮೇಲೆ ಕಸಿ ಮಾಡೋ ಪದ್ಧತಿ ಇದೆ. ತೈವಾನಿನಲ್ಲಿರೋ ವಿಶ್ವ ತರಕಾರಿ ಕೇಂದ್ರದೋರು ಇಜಿ 203 ಅನ್ನೋ ಬದನೆನ ಇದಕ್ಕೇ ಶಿಫಾರಸು ಮಾಡ್ತಾರೆ. ನಾನು ಆರಿಸಿದ್ದು ಸುಂಡೆ, ಸೊಲ್ಯಾನಮ್ ಟೋರ್ವಮ್, ಅದು ದುಂಡಾಣನ್ನೂ ತಡೆಯುತ್ತೆ ಗಂಟುಹುಳನೂ ತಡೆಯುತ್ತೆ. ಕೆಲಸ ಸುಲಭ ಅಲ್ಲ. ಸುಂಡೆ ಬೀಜ ಒಂದೇ ಸಮ ಹುಟ್ಟಲ್ಲ, ಹುಟ್ಟಿದ್ದೂ ನಿಧಾನ, ಟೊಮ್ಯಾಟೊಗಿಂತ ಒಂದು ತಿಂಗಳು ಮೊದಲೇ ಹಾಕಿದ್ರೂ ಕಾಂಡದ ದಪ್ಪ ಹೊಂದಿಸೋದೇ ಕಷ್ಟ. ಎರಡನ್ನೂ ಒಂದೇ ಓರೆಗೆ ಕತ್ತರಿಸಿ ಕ್ಲಿಪ್ ಹಾಕಿ ಒಂದು ವಾರ ಪ್ಲಾಸ್ಟಿಕ್ ಮುಚ್ಚಿ ಕತ್ತಲು, ತೇವ ಎರಡೂ ಕೊಡಬೇಕು. ನಂದು ಮೊದಲ ಟ್ರೇ ಅರ್ಧಕ್ಕಿಂತ ಜಾಸ್ತಿ ಕೊಳೀತು, ಒಳಗೆ ನೀರು ಹನಿ ಕಟ್ಟಿ ಕೂಡುಗಂಟಿನ ಮೇಲೆ, ಅಂದ್ರೆ ಎರಡು ಕಾಂಡ ಸೇರೋ ಜಾಗದ ಮೇಲೆ, ಬೀಳ್ತಾ ಇತ್ತು. ಎರಡನೇ ಸಲ ಮುಚ್ಚಿಗೆನ ಓರೆ ಮಾಡಿ ಕಟ್ಟಿದ ಮೇಲೆ ನೂರಕ್ಕೆ ಎಂಬತ್ತು ಉಳೀತು.

ಈ ವರ್ಷ ಫೆಬ್ರವರೀಲಿ ಮೇಲಿನ ಹೊಲದಲ್ಲಿ ಅದೇ ಹೈಬ್ರಿಡ್, ಕಸಿ ಮಾಡಿದ್ದು 120, ಮಾಡದೇ ಇರೋದು 120, ಒಂದು ಸಾಲು ಬಿಟ್ಟು ಒಂದು ಸಾಲು ನೆಟ್ವಿ. ಮೇ ತಿಂಗಳಲ್ಲಿ ಕೊಯ್ಲು ಮುಗಿಯೋ ಹೊತ್ತಿಗೆ ಕಸಿ ಮಾಡದೇ ಇರೋದರಲ್ಲಿ 17 ಸೊರಗಿತ್ತು. ಹಿಂದಿನ ವರ್ಷ ಅದೇ ಜಾಗದಲ್ಲಿ ಎರಡು ತಿಂಗಳೊಳಗೇ ನೂರಕ್ಕೆ ಇಪ್ಪತ್ತೇಳು ಹೋಗಿತ್ತು. ಬೇರು ಅಗೆದು ನೋಡಿದ್ರೆ ಗಂಟು ತುಂಬ ಕಮ್ಮಿ, ಚೆಂಡುಹೂ, ಬೇವಿನ ಹಿಂಡಿ ಎರಡೂ ಹುಳನ ಇಳಿಸಿದ್ವು, ಹುಳ ಇಳಿದಷ್ಟು ತಳಿಯ ಸ್ವಂತ ಶಕ್ತಿ ಮತ್ತೆ ಮೇಲೆ ಬಂತು ಅಂತ ನಾನು ಓದ್ಕೊಳ್ತೀನಿ. ದುಂಡಾಣು ಮಾತ್ರ ಮಣ್ಣಲ್ಲಿ ಹಂಗೇ ಇದೆ, ಅದು ವರ್ಷಗಟ್ಟಲೆ ಇರೋ ಜಾತಿ, ಒಂದು ಚೆಂಡುಹೂ ಬೆಳೆಗೆ ಹೋಗಲ್ಲ.

ಕಸಿ ಮಾಡಿದ 120ರಲ್ಲಿ ಹೋಗಿದ್ದು ಮೂರು. ಒಂದು ಗಾಳಿಗೆ ಕೂಡುಗಂಟಲ್ಲೇ ಮುರೀತು, ಕೋಲು ಕಟ್ಟೋದು ತಡ ಆಗಿತ್ತು. ಉಳಿದೆರಡು ಸೊರಗಿದ್ವು, ಅಗೆದು ನೋಡಿದ್ರೆ ನಾಟಿ ಮಾಡೋರು ಅಭ್ಯಾಸ ಬಲಕ್ಕೆ ಆಳಕ್ಕೆ ನೆಟ್ಟು ಕೂಡುಗಂಟು ಮಣ್ಣೊಳಗೆ ಹೋಗಿ, ಮೇಲಿನ ಟೊಮ್ಯಾಟೊ ಕಾಂಡನೇ ಮಣ್ಣಿಗೆ ಬೇರು ಬಿಟ್ಟಿತ್ತು. ಟೊಮ್ಯಾಟೊನ ಆಳಕ್ಕೆ ನೆಟ್ರೆ ಒಳ್ಳೇದು ಅಂತ ನಾವೇ ಎಲ್ಲರಿಗೂ ಹೇಳ್ಕೊಟ್ಟಿದ್ದೀವಿ, ಕಸಿ ಸಸಿಗೆ ಅದು ತಿರುಗುಮುರುಗು, ಕೂಡುಗಂಟು ಮಣ್ಣಿಂದ ಎರಡು ಬೆರಳಾದ್ರೂ ಮೇಲಿರಬೇಕು.

ಕಸಿ ಸಸಿಗೆ ಖರ್ಚು ಮಾಮೂಲಿಗಿಂತ ಎಷ್ಟೋ ಪಟ್ಟು, ಹಂಗಾಗಿ ಎಲ್ಲರಿಗೂ ತಗೊಳ್ಳಿ ಅನ್ನಲ್ಲ. ಕೆಳಗಿನ ಗದ್ದೆಗೆ ಅದರ ಅಗತ್ಯನೇ ಇಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನೋರ ಅರ್ಕಾ ರಕ್ಷಕ್ ಮುಟುರು, ದುಂಡಾಣು ಸೊರಗು, ಬೇಗ ಬರೋ ಎಲೆ ಅಂಗಮಾರಿ ಮೂರಕ್ಕೆ ತಡೆಯೋ ತಳಿ, ಅರ್ಕಾ ಅಭೇದ್ ಇನ್ನೊಂದು, ತಡವಾಗಿ ಬರೋ ಅಂಗಮಾರಿನೂ ಸೇರಿ ನಾಲ್ಕಕ್ಕೆ. ನಮ್ಮ ಕಡೆ ಭತ್ತದ ನಂತರದ ಗದ್ದೆಗೆ ಇಂಥವು ಚೆನ್ನಾಗೇ ಹೊಂದುತ್ತೆ. ಈ ಪಟ್ಟಿಗಳಲ್ಲೂ ಗಂಟುಹುಳ ಇಲ್ಲ, ಥ್ರಿಪ್ಸ್ ನುಸಿಯಿಂದ ಬರೋ ಸುಳಿ ಒಣಗೋ ವೈರಸ್ ಇಲ್ಲ. ಇಲ್ಲ ಅಂದ್ರೆ ತಳಿ ಕೆಟ್ಟದ್ದು ಅಂತಲ್ಲ, ಅದರ ಕೆಲಸ ಅದಲ್ಲ, ಅದಕ್ಕೆ ಬೇರೆ ಏರ್ಪಾಡು ನಾವು ಮಾಡ್ಕೊಬೇಕು. ತಳಿ ಕೇಳ್ಕೊಂಡು ಬರೋರಿಗೆ ಈಗ ಪ್ಯಾಕೆಟ್ ತಿರುಗಿಸಿ ಏನಿದೆ ಅನ್ನೋದರ ಜೊತೆ ಏನಿಲ್ಲ ಅನ್ನೋದನ್ನೂ ಓದಿ ಹೇಳ್ತೀನಿ.

ಆರ್ಡರ್ ಬರ್ಕೊಳ್ಳೋ ಪುಸ್ತಕದಲ್ಲಿ ಮುಂಚೆ ಹೆಸರು, ಊರು, ಎಷ್ಟು ಸಸಿ, ಯಾವತ್ತು ಬೇಕು ಅಂತ ನಾಲ್ಕು ಕಾಲಂ ಇತ್ತು. ಈಗ ಐದನೇದು ಹಾಕಿದೀನಿ, ಆ ಜಾಗದಲ್ಲಿ ಹಿಂದಿನ ಮೂರು ಬೆಳೆ ಏನು, ನೀರು ನಿಲ್ಲೋ ಗದ್ದೆಯಾ ಹೊಲವಾ ಅಂತ. ಬೆಂಡೆ, ಬದನೆ, ಟೊಮ್ಯಾಟೊ ಸಾಲಾಗಿ ಹೇಳಿದ್ರೆ ಸಸಿ ಕೊಡೋಕ್ಕಿಂತ ಮುಂಚೆ ಹಿಂದಿನ ಬೆಳೆಯ ಒಂದು ಬೇರು ಅಗೆದು ತೊಳೆದು ಫೋಟೋ ಕಳ್ಸಿ ಅಂತೀನಿ. ಕೆಲವರು ಬೇಜಾರು ಮಾಡ್ಕೊಂಡು ಬೇರೆ ನರ್ಸರಿಗೆ ಹೋದ್ರು. ಅಣ್ಣ ಮೊನ್ನೆ ಮುಂದಿನ ಬೇಸಿಗೆಗೆ ಈಗಲೇ ಆರ್ಡರ್ ಬರೆಸಿದಾರೆ, ಕೆಳಗಿನ ಗದ್ದೆಗೆ ಮಾಮೂಲಿ ಸಸಿ 2100, ಮೇಲಿನದಕ್ಕೆ ಆರು ಸಾಲಿಗೆ ಮಾತ್ರ ಕಸಿ ಸಸಿ, ಉಳಿದ ಮೇಲಿನ ಜಾಗಕ್ಕೆ ಮತ್ತೆ ಚೆಂಡುಹೂ, ಆಮೇಲೆ ಮುಸುಕಿನ ಜೋಳ. ಸುಂಡೆ ಬೀಜ ಡಿಸೆಂಬರ್ ಮೊದಲ ವಾರದಲ್ಲಿ ಟ್ರೇಗೆ ಹಾಕಬೇಕು.